ಆ್ಯಪ್ ಬೇರೆ, ಅಂಗಡಿ ಬೇರೆ, ಡೆಲಿವರಿ ಬೇರೆ: ಕಂಪ್ಯೂಟರ್‌ಗಳು ಒಬ್ಬರ ಮಾತು ಒಬ್ಬರು ಅರ್ಥ ಮಾಡಿಕೊಳ್ಳುವುದು ಹೇಗೆ?

ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ಒಂದು ಕೆಜಿ ತೊಗರಿಬೇಳೆ ಆರ್ಡರ್ ಮಾಡಿದಿರಿ ಅಂತ ಇಟ್ಟುಕೊಳ್ಳಿ. ನೀವು ಒತ್ತಿದ ಆ್ಯಪ್ ಒಂದು ಕಂಪನಿಯದ್ದು. ಬೇಳೆ ಇರುವ ಅಂಗಡಿಯ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್ ಇನ್ನೊಂದು ಕಂಪನಿಯದ್ದು. ಪ್ಯಾಕೆಟ್ ತಂದುಕೊಡುವ ಹುಡುಗ ಮೂರನೆಯ ಕಂಪನಿಯ ಕೆಲಸಗಾರ. ಈ ಮೂರೂ ಕಂಪನಿಗಳ ಎಂಜಿನಿಯರುಗಳು ಒಟ್ಟಿಗೆ ಕೂತು ಒಮ್ಮೆಯೂ ಮಾತಾಡಿಲ್ಲ. ಆದರೂ ಬೇಳೆ ಮನೆಗೆ ಬರುತ್ತದೆ.

ಕೇಂದ್ರ ಸರ್ಕಾರದ ಬೆಂಬಲದ ಒಎನ್‌ಡಿಸಿ (ಓಪನ್ ನೆಟ್‌ವರ್ಕ್ ಫಾರ್ ಡಿಜಿಟಲ್ ಕಾಮರ್ಸ್) ಜಾಲದಲ್ಲಿ ದಿನವೂ ನಡೆಯುವುದು ಇದೇ. 2021ರ ಡಿಸೆಂಬರ್ 31ರಂದು ಇದು ಕಂಪನಿಯಾಗಿ ನೋಂದಣಿಯಾಯಿತು. 2022ರ ಏಪ್ರಿಲ್‌ನಲ್ಲಿ ಐದು ಊರುಗಳಲ್ಲಿ ಪ್ರಯೋಗ ಶುರುವಾಯಿತು, ಅದರಲ್ಲಿ ಬೆಂಗಳೂರೂ ಒಂದು. ಅದೇ ವರ್ಷ ಸೆಪ್ಟೆಂಬರ್ 30ರಂದು ಜನಸಾಮಾನ್ಯರಿಗೆ ಮೊದಲು ತೆರೆದದ್ದು ಬೆಂಗಳೂರಿನಲ್ಲೇ. ಆಮೇಲೆ ಎಷ್ಟೋ ಚಿಕ್ಕ ಅಂಗಡಿಯವರ ಕೈಗೆ ಒಂದು ಉದ್ದದ ಕ್ಯಾಟಲಾಗ್ ಫಾರ್ಮ್ ಬಂತು: ವಸ್ತುವಿನ ವಿಧ, ನಿವ್ವಳ ತೂಕ, ಎಂಆರ್‌ಪಿ, ವಾಪಸ್ ತಗೊಳ್ತೀರಾ, ಎಷ್ಟು ಹೊತ್ತಲ್ಲಿ ಕಳಿಸ್ತೀರಿ. ಇಷ್ಟೆಲ್ಲ ಯಾಕೆ ತುಂಬಬೇಕು? ಉತ್ತರ ಹುಡುಕುತ್ತಾ ಹೋದರೆ ಕಂಪ್ಯೂಟರ್ ಲೋಕದ ಒಂದು ಹಳೆಯ ಪ್ರಶ್ನೆಗೆ ಬಂದು ಮುಟ್ಟುತ್ತೇವೆ. ಒಂದು ಯಂತ್ರ ಹೇಳಿದ್ದನ್ನು ಇನ್ನೊಂದು ಯಂತ್ರ ಅದೇ ಅರ್ಥದಲ್ಲಿ ತೆಗೆದುಕೊಳ್ಳುವ ಹಾಗೆ ಮಾಡುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯದ ಹೆಸರು ಆಂಟಾಲಜಿ.

## ಡೇಟಾ ತಲುಪಿತು, ಅರ್ಥ ತಲುಪಲಿಲ್ಲ

ಬಿಸಿನೆಸ್ ಪ್ರೋಸೆಸ್ ಅಂದರೆ ವ್ಯವಹಾರವೊಂದು ಶುರುವಿನಿಂದ ಮುಗಿಯುವ ತನಕ ಸಾಗುವ ಹಂತಗಳ ಸಾಲು. ಬೇಳೆ ಹುಡುಕುವುದು, ಆರಿಸುವುದು, ವಿಳಾಸ ಕೊಡುವುದು, ದುಡ್ಡು ಕಟ್ಟುವುದು, ಪ್ಯಾಕ್ ಮಾಡುವುದು, ತಲುಪಿಸುವುದು, ಬೇಡವಾದರೆ ವಾಪಸ್ ಮಾಡುವುದು. ಎಲ್ಲವೂ ಒಂದೇ ಕಂಪನಿಯೊಳಗೆ ನಡೆದರೆ ತೊಂದರೆ ಕಡಿಮೆ. ಒಂದೊಂದು ಹಂತ ಒಂದೊಂದು ಕಂಪನಿಯ ಕೈಯಲ್ಲಿದ್ದಾಗ ತಕರಾರು ಶುರು.

ಇಂಟರ್‌ನೆಟ್‌ನಲ್ಲಿ ಡೇಟಾ ಕಳಿಸುವುದು ಇವತ್ತು ಕಷ್ಟದ ಕೆಲಸ ಅಲ್ಲವೇ ಅಲ್ಲ. ಒಂದು ಕಂಪನಿಯ ಕಂಪ್ಯೂಟರ್ 'ಬೆಲೆ: 160' ಅಂತ ಕಳಿಸಿತು. ಇನ್ನೊಂದಕ್ಕೆ ಅದು ಅಕ್ಷರ ತಪ್ಪದೆ ತಲುಪಿತು. ಆದರೆ ಯಾವ 160? ಕೆಜಿಗೋ, ಪ್ಯಾಕೆಟ್ಟಿಗೋ? ಜಿಎಸ್‌ಟಿ ಸೇರಿಯೋ, ಬಿಟ್ಟೋ? ಎಂಆರ್‌ಪಿಯೋ, ಅಂಗಡಿಯವರು ಇವತ್ತು ಮಾರುವ ದರವೋ? ಮನುಷ್ಯರಾದರೆ ಫೋನ್ ಮಾಡಿ ಕೇಳುತ್ತಾರೆ. ಯಂತ್ರ ಕೇಳುವುದಿಲ್ಲ, ತನಗೆ ಹೇಳಿಕೊಟ್ಟ ಅರ್ಥ ಹಚ್ಚಿಕೊಂಡು ಮುಂದೆ ಹೋಗಿಬಿಡುತ್ತದೆ.

ಇಂಥ ಎಡವಟ್ಟು ನಾನಾ ಬಗೆಯದ್ದು. ಒಂದು ಕಡೆ 'ಗ್ರಾಹಕ' ಅಂತಿದ್ದದ್ದು ಇನ್ನೊಂದು ಕಡೆ 'ಖರೀದಿದಾರ' ಅಂತಿರುತ್ತದೆ, ಅದು ಸುಲಭಕ್ಕೆ ಸರಿಹೋಗುತ್ತದೆ. ಹೆಸರು ಒಂದೇ ಇದ್ದು ಅರ್ಥ ಬೇರೆಯಾದಾಗ ಮಾತ್ರ ನಿಜಕ್ಕೂ ಕಷ್ಟ. 'ಡೆಲಿವರಿ ಆಯಿತು' ಅನ್ನುವುದನ್ನೇ ನೋಡಿ. ಒಂದು ಕಂಪನಿಯ ಲೆಕ್ಕದಲ್ಲಿ ಗ್ರಾಹಕರ ಕೈಗೆ ಕೊಟ್ಟರೆ ಡೆಲಿವರಿ. ಇನ್ನೊಂದರ ಲೆಕ್ಕದಲ್ಲಿ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವರ ಹತ್ತಿರ ಇಟ್ಟು ಬಂದರೂ ಡೆಲಿವರಿ. ಅಂಗಡಿಯವರಿಗೆ ಬರಬೇಕಾದ ದುಡ್ಡು ಈ ಒಂದು ಪದದ ಮೇಲೆ ನಿಂತಿರುವಾಗ ವ್ಯತ್ಯಾಸ ಸಣ್ಣದಲ್ಲ.

ಇಬ್ಬಿಬ್ಬರೇ ಕೂತು ಮಾತಾಡಿ ಸರಿಮಾಡಿಕೊಳ್ಳಬಹುದಲ್ಲ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. 10 ಕಂಪನಿಗಳಿದ್ದರೆ ಅಂಥ 45 ಜೋಡಿ ಆಗುತ್ತವೆ. 100 ಕಂಪನಿಗಳಾದರೆ 4,950 ಜೋಡಿ. ಒಬ್ಬರು ತಮ್ಮ ಸಾಫ್ಟ್‌ವೇರ್ ಬದಲಿಸಿದರೆ ಮಿಕ್ಕ 99 ಕಡೆ ರಿಪೇರಿ. ಅದರ ಬದಲು ಎಲ್ಲರೂ ಒಪ್ಪಿದ ಒಂದೇ ಅರ್ಥದ ಪಟ್ಟಿ ಇದ್ದರೆ? ಆಗ ಪ್ರತಿಯೊಬ್ಬರೂ ತಮ್ಮ ಲೆಕ್ಕವನ್ನು ಆ ಒಂದು ಪಟ್ಟಿಗೆ ಹೊಂದಿಸಿಕೊಂಡರೆ ಸಾಕು. 100 ಕಂಪನಿಗೆ 100 ಹೊಂದಾಣಿಕೆ.

## ಆಂಟಾಲಜಿ ಅಂದರೆ ನಿಜವಾಗಿ ಏನು?

ಬರೀ ಪದಗಳ ಪಟ್ಟಿ ಆಂಟಾಲಜಿ ಆಗುವುದಿಲ್ಲ. ಒಂದು ಕ್ಷೇತ್ರದಲ್ಲಿ ಯಾವ ಯಾವ ಬಗೆಯ ಸಂಗತಿಗಳಿವೆ, ಅವುಗಳ ನಡುವೆ ಯಾವ ಸಂಬಂಧ ಇರಬಹುದು, ಆ ಸಂಬಂಧಗಳಿಗೆ ಯಾವ ನಿಯಮ ಇದೆ ಅನ್ನುವುದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬರೆದಿಟ್ಟರೆ ಅದು ಆಂಟಾಲಜಿ. ತತ್ವಶಾಸ್ತ್ರದಲ್ಲಿ ಮೊದಲಿನಿಂದ ಇದ್ದ ಈ ಪದಕ್ಕೆ ಕಂಪ್ಯೂಟರ್ ವಿಜ್ಞಾನದಲ್ಲಿ ಇವತ್ತಿಗೂ ಬಳಕೆಯಲ್ಲಿರುವ ವ್ಯಾಖ್ಯೆಯನ್ನು ಟಾಮ್ ಗ್ರೂಬರ್ 1993ರಲ್ಲಿ ಕೊಟ್ಟರು.

ನಮ್ಮ ಮನೆಯ ನೆಂಟಸ್ತಿಕೆಯನ್ನು ತಗೊಳ್ಳಿ. 'ಗಿರೀಶ ಕಾವ್ಯಳ ಸೋದರಮಾವ' ಅಂತ ಯಾರೋ ಹೇಳಿದರು. ಅಷ್ಟು ಕೇಳಿದ ತಕ್ಷಣ ನಮಗೆ ಇನ್ನೂ ಎಷ್ಟೋ ಗೊತ್ತಾಗಿಬಿಡುತ್ತದೆ. ಗಿರೀಶ ಗಂಡಸು. ಕಾವ್ಯಳ ತಾಯಿ ಗಿರೀಶನ ಅಕ್ಕನೋ ತಂಗಿಯೋ. ಗಿರೀಶನ ತಾಯಿ ಕಾವ್ಯಳಿಗೆ ಅಜ್ಜಿ. ಇದ್ಯಾವುದನ್ನೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸೋದರಮಾವ ಅಂದರೆ ತಾಯಿಯ ಅಣ್ಣ ಅಥವಾ ತಮ್ಮ ಅನ್ನುವ ನಿಯಮ ತಲೆಯಲ್ಲಿ ಇರುವುದರಿಂದ ಉಳಿದದ್ದು ತಾನಾಗಿ ಹೊಳೆಯಿತು, ಅಲ್ವಾ? ಕಂಪ್ಯೂಟರ್‌ಗೆ 'ಗಿರೀಶ', 'ಕಾವ್ಯ', 'ಸೋದರಮಾವ' ಬರೀ ಮೂರು ಅಕ್ಷರಸಾಲು. ಜೊತೆಗೆ ಆ ನಿಯಮವನ್ನೂ ಬರೆದುಕೊಟ್ಟರೆ ಅದೂ ಅಜ್ಜಿಯನ್ನು ಕಂಡುಹಿಡಿಯುತ್ತದೆ.

ವೆಬ್‌ನಲ್ಲಿ ಹೀಗೆ ಬರೆಯಲು ಗೊತ್ತಾದ ಒಂದು ಕ್ರಮ ಇದೆ. ವೆಬ್‌ನ ಮಾನದಂಡಗಳನ್ನು ನೋಡಿಕೊಳ್ಳುವ ಡಬ್ಲ್ಯೂ3ಸಿ ಸಂಸ್ಥೆ 1999ರಲ್ಲಿ ಆರ್‌ಡಿಎಫ್ ಅನ್ನುವ ವಿಧಾನ ತಂದಿತು. ಅದರಲ್ಲಿ ಎಲ್ಲ ಮಾಹಿತಿಯನ್ನೂ ಮೂರು ತುಂಡಿನ ಸಣ್ಣ ವಾಕ್ಯಗಳಾಗಿ ಬರೆಯುತ್ತಾರೆ: ಯಾವುದು, ಯಾವ ಸಂಬಂಧ, ಯಾವುದಕ್ಕೆ. 'ಈ ಪ್ಯಾಕೆಟ್ – ತೂಕ – 1 ಕೆಜಿ' ಅನ್ನುವ ಹಾಗೆ. ಅದರ ಮೇಲೆ ನಿಯಮಗಳನ್ನು ಬರೆಯುವ 'ಔಲ್' ಅನ್ನುವ ಭಾಷೆ 2004ರಲ್ಲಿ ಬಂತು. ಒಂದೊಂದು ಸಂಗತಿಗೂ ವೆಬ್ ವಿಳಾಸದಂಥ ಒಂದು ಗುರುತು ಇರುತ್ತದೆ. ಇಬ್ಬರು ಒಂದೇ ಗುರುತು ಬಳಸಿದರೆ ಇಬ್ಬರೂ ಹೇಳುತ್ತಿರುವುದು ಒಂದೇ ಸಂಗತಿ ಅಂತ ಲೆಕ್ಕ.

## ಬೆಲೆ ಅಂಟಿಕೊಂಡಿರುವುದು ಯಾವುದಕ್ಕೆ?

ವ್ಯಾಪಾರದ ಆಂಟಾಲಜಿ ಕಟ್ಟಲು ಕೂತವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಕೇಳಿದರೆ ಸುಮ್ನೆ ತಲೆಹರಟೆ ಅನ್ನಿಸಬಹುದು, ಆದರೆ ಉತ್ತರ ತಪ್ಪಿದರೆ ಇಡೀ ವ್ಯವಸ್ಥೆ ಕೆಡುತ್ತದೆ.

ಬೇಳೆಯ ಪ್ಯಾಕೆಟ್ಟಿಗೆ ಬೆಲೆ ಇದೆ ಅಂತ ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಅದೇ ಕಂಪನಿಯ ಅದೇ ಪ್ಯಾಕೆಟ್ ಮಲ್ಲೇಶ್ವರದ ಅಂಗಡಿಯಲ್ಲಿ ಒಂದು ದರ, ಜಯನಗರದ ಅಂಗಡಿಯಲ್ಲಿ ಇನ್ನೊಂದು. ಭಾನುವಾರದ ಆಫರ್‌ನಲ್ಲಿ ಮತ್ತೊಂದು. ಅಂದರೆ ದರ ಇರುವುದು ಪ್ಯಾಕೆಟ್ಟಿಗೆ ಅಲ್ಲ. 'ಇಂಥ ಅಂಗಡಿಯವರು, ಇಂಥ ವಸ್ತುವನ್ನು, ಇಷ್ಟು ದುಡ್ಡಿಗೆ, ಇಂಥ ದಿನದವರೆಗೆ ಕೊಡುತ್ತೇವೆ' ಅನ್ನುವ ಮಾತಿಗೆ. ಮಾರ್ಟಿನ್ ಹೆಪ್ 2008ರಲ್ಲಿ ಹೊರತಂದ 'ಗುಡ್‌ರಿಲೇಶನ್ಸ್' ಆಂಟಾಲಜಿ ಈ ವ್ಯತ್ಯಾಸವನ್ನು ಬಿಡಿಸಿಟ್ಟಿತು. ಮಾರುವವರು ಒಂದು, ವಸ್ತು ಒಂದು, ಇವೆರಡನ್ನೂ ಸೇರಿಸುವ 'ಆಫರ್' ಇನ್ನೊಂದು. ದರ ಇರುವುದು ಆಫರ್‌ನ ಮೇಲೆ. ಈ ಇಡೀ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಯೋಚನೆ ಇದು. ಹೀಗೆ ಬಿಡಿಸಿದ ಮೇಲೆ ಒಂದೇ ವಸ್ತುವನ್ನು ಐವತ್ತು ಅಂಗಡಿಗಳಲ್ಲಿ ಹೋಲಿಸಿ ನೋಡುವುದು ಯಂತ್ರಕ್ಕೆ ಸುಲಭವಾಯಿತು.

2011ರ ಜೂನ್‌ನಲ್ಲಿ ಗೂಗಲ್, ಮೈಕ್ರೊಸಾಫ್ಟ್‌ನ ಬಿಂಗ್ ಮತ್ತು ಯಾಹೂ ಸೇರಿ ಸ್ಕೀಮಾ.ಆರ್ಗ್ ಅನ್ನುವ ಸಾಮಾನ್ಯ ಪದಕೋಶ ಶುರು ಮಾಡಿದವು. 2012ರಲ್ಲಿ ಗುಡ್‌ರಿಲೇಶನ್ಸ್ ಕೂಡ ಅದರೊಳಗೆ ಸೇರಿತು. ಗೂಗಲ್‌ನಲ್ಲಿ ಮಿಕ್ಸಿ ಹುಡುಕಿದಾಗ ಫಲಿತಾಂಶದ ಪಕ್ಕದಲ್ಲೇ ದರ, 'ಸ್ಟಾಕ್ ಇದೆ' ಅನ್ನುವ ಗುರುತು ಕಾಣುತ್ತದಲ್ಲ? ಅಂಗಡಿಯ ವೆಬ್‌ಪುಟದೊಳಗೆ ನಮಗೆ ಕಾಣದ ಹಾಗೆ ಈ ಪದಕೋಶದಲ್ಲಿ ಬರೆದಿಟ್ಟ ಸಾಲುಗಳಿಂದ ಅದು ಬರಬಹುದು.

## ವಸ್ತು ಆಯಿತು, ಕೆಲಸವನ್ನು ವಿವರಿಸುವುದು ಹೇಗೆ?

ಬೇಳೆ ಅಂದರೇನು ಅಂತ ಹೇಳಿಕೊಡುವುದು ಒಂದು ಕೆಲಸ. 'ಆರ್ಡರ್ ತೆಗೆದುಕೊಳ್ಳುವುದು' ಅಂದರೇನು ಅಂತ ಹೇಳಿಕೊಡುವುದು ಇನ್ನೂ ಕಷ್ಟ, ಯಾಕೆಂದರೆ ಅದು ಕ್ರಿಯೆ.

ಇದಕ್ಕೆ ಸಂಶೋಧಕರು 2004ರಲ್ಲಿ ಡಬ್ಲ್ಯೂ3ಸಿಗೆ ಒಪ್ಪಿಸಿದ 'ಔಲ್-ಎಸ್' ಅನ್ನುವ ಆಂಟಾಲಜಿ ಒಂದು ಒಳ್ಳೆಯ ದಾರಿ ತೋರಿಸಿತು. ಈ ಸೇವೆ ಏನು ಮಾಡುತ್ತದೆ, ಹೇಗೆ ಹಂತ ಹಂತವಾಗಿ ಮಾಡುತ್ತದೆ, ಅದರ ಜೊತೆ ಯಾವ ವಿಳಾಸದಲ್ಲಿ ಯಾವ ರೀತಿ ಮಾತಾಡಬೇಕು ಅನ್ನುವ ಮೂರು ಭಾಗಗಳಲ್ಲಿ ಅದು ಯಾವುದೇ ವೆಬ್ ಸೇವೆಯನ್ನು, ಅಂದರೆ ಬೇರೆ ಯಂತ್ರಗಳು ಇಂಟರ್‌ನೆಟ್ ಮೂಲಕ ಕೆಲಸ ಹೇಳಬಹುದಾದ ಸಾಫ್ಟ್‌ವೇರನ್ನು, ವಿವರಿಸುತ್ತದೆ. ಅದರೊಳಗಿನ ಒಂದೊಂದು ಕ್ರಿಯೆಗೂ ನಾಲ್ಕು ಪ್ರಶ್ನೆ ಕೇಳುತ್ತದೆ.

ನಮ್ಮ ಬೇಳೆ ಆರ್ಡರಿಗೇ ಹಚ್ಚಿ ನೋಡೋಣ. ಏನು ಒಳಗೆ ಬೇಕು? ವಸ್ತುವಿನ ಗುರುತು, ಎಷ್ಟು, ವಿಳಾಸ. ಯಾವ ಸ್ಥಿತಿ ಮೊದಲೇ ಇರಬೇಕು? ಸ್ಟಾಕ್ ಇರಬೇಕು, ಆ ಪಿನ್‌ಕೋಡಿಗೆ ಅಂಗಡಿ ಕಳಿಸುವಂತಿರಬೇಕು. ಏನು ಹೊರಗೆ ಬರುತ್ತದೆ? ಆರ್ಡರ್ ನಂಬರ್, ರಸೀದಿ. ನಾಲ್ಕನೆಯದು, ಲೋಕದಲ್ಲಿ ಏನು ಬದಲಾಗುತ್ತದೆ? ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತದೆ, ಅಂಗಡಿಯ ಸ್ಟಾಕಿನಲ್ಲಿ ಒಂದು ಪ್ಯಾಕೆಟ್ ಕಡಿಮೆಯಾಗುತ್ತದೆ.

ಕೊನೆಯ ಎರಡನ್ನು ಬೇರೆ ಮಾಡಿದ್ದು ತುಂಬ ಮುಖ್ಯ. ಆರ್ಡರ್ ನಂಬರ್ ಬರೀ ಮಾಹಿತಿ. ಖಾತೆಯಿಂದ ದುಡ್ಡು ಹೋಗುವುದು ಘಟನೆ. ಆರ್ಡರ್ ರದ್ದು ಮಾಡಿದಾಗ ಮಾಹಿತಿಯನ್ನು ಅಳಿಸಿದರೆ ಸಾಲದು, ಘಟನೆಯನ್ನು ಹಿಂದಕ್ಕೆ ತಿರುಗಿಸಬೇಕು: ದುಡ್ಡು ವಾಪಸ್, ಸ್ಟಾಕ್ ವಾಪಸ್, ದಾರಿಯಲ್ಲಿರುವ ಡೆಲಿವರಿ ಹುಡುಗನಿಗೆ ಸುದ್ದಿ. ಯಾವ ಹಂತದಲ್ಲಿ ಏನೇನು ಬದಲಾಗಿದೆ ಅಂತ ಬರೆದಿಟ್ಟಿದ್ದರೆ ಮಾತ್ರ ಏನೇನು ಸರಿಮಾಡಬೇಕು ಅಂತ ಯಂತ್ರಕ್ಕೆ ಗೊತ್ತಾಗುತ್ತದೆ.

ಒಂದು ಸೇವೆಯಿಂದ ಹೊರಬರುವುದು ಇನ್ನೊಂದು ಸೇವೆಗೆ ಒಳಗೆ ಬೇಕಾದದ್ದಕ್ಕೆ ಹೊಂದಿದರೆ ಎರಡನ್ನೂ ತಾನಾಗಿ ಜೋಡಿಸಬಹುದು. ಆಗಿನ ದೊಡ್ಡ ಆಸೆ ಅದೇ ಆಗಿತ್ತು. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ, ಅವರ ಜೊತೆ ಜೇಮ್ಸ್ ಹೆಂಡ್ಲರ್, ಓರಾ ಲಸ್ಸಿಲಾ 2001ರ ಮೇ ತಿಂಗಳಲ್ಲಿ ಬರೆದ ಲೇಖನವೊಂದರಲ್ಲಿ ಸಾಫ್ಟ್‌ವೇರ್ ಸಹಾಯಕರು ನಮ್ಮ ಪರವಾಗಿ ಡಾಕ್ಟರ ಅಪಾಯಿಂಟ್‌ಮೆಂಟ್ ಹೊಂದಿಸುವ ಚಿತ್ರ ಕಟ್ಟಿದ್ದರು.

ಅಂದುಕೊಂಡ ಹಾಗೆ ಬೇಗ ಆಗಲಿಲ್ಲ. ಕಂಪನಿಗಳು ತಮ್ಮ ವೆಬ್ ಸೇವೆಗಳನ್ನು ನೋಂದಾಯಿಸಲಿ ಅಂತ ಐಬಿಎಂ, ಮೈಕ್ರೊಸಾಫ್ಟ್, ಸ್ಯಾಪ್ ನಡೆಸುತ್ತಿದ್ದ ಸಾರ್ವಜನಿಕ ಯುಡಿಡಿಐ ಪಟ್ಟಿ 2006ರ ಜನವರಿಯಲ್ಲಿ ಮುಚ್ಚಿತು. ಸೇವೆಯನ್ನು ತರ್ಕದ ಭಾಷೆಯಲ್ಲಿ ಬರೆಯಲು ಪಳಗಿದ ಕೈ ಬೇಕಿತ್ತು. ಅಷ್ಟು ಕಷ್ಟಪಟ್ಟು ಬರೆದವರಿಗೆ ತಕ್ಷಣ ಸಿಗುವ ಲಾಭ ಕಡಿಮೆ. ಸ್ಕೀಮಾ.ಆರ್ಗ್ ಹರಡಿದ್ದು ಉಲ್ಟಾ ಕಾರಣಕ್ಕೆ: ಬರೆಯುವುದು ಸುಲಭ, ಬರೆದರೆ ಸರ್ಚ್‌ನಲ್ಲಿ ಅಂಗಡಿ ಚೆನ್ನಾಗಿ ಕಾಣುತ್ತದೆ.

## ಒಎನ್‌ಡಿಸಿ ಒಳಗೆ ಒಂದು ಆರ್ಡರ್

ಒಎನ್‌ಡಿಸಿ ನಿಂತಿರುವುದು ಬೆಕ್ನ್ ಅನ್ನುವ ಮುಕ್ತ ಪ್ರೋಟೊಕಾಲ್ ಮೇಲೆ, ಅಂದರೆ ಯಂತ್ರಗಳು ಹೇಗೆ ಮಾತಾಡಬೇಕು ಅನ್ನುವ, ಯಾರು ಬೇಕಾದರೂ ಬಳಸಬಹುದಾದ ನಿಯಮಗಳ ಮೇಲೆ. ನಂದನ್ ನಿಲೇಕಣಿ, ಪ್ರಮೋದ್ ವರ್ಮಾ, ಸುಜಿತ್ ನಾಯರ್ ಇದರ ಹಿಂದಿರುವವರು. ಇದು ತರ್ಕದ ನಿಯಮಗಳೆಲ್ಲ ಇರುವ ಪೂರ್ಣ ಆಂಟಾಲಜಿ ಅಲ್ಲ. ಆದರೆ ಎಲ್ಲರೂ ಒಪ್ಪಿದ ಪರಿಕಲ್ಪನೆಗಳು, ಅವುಗಳ ಸಂಬಂಧ, ಹಂತಗಳ ಕ್ರಮ ಇಷ್ಟೂ ಇದರಲ್ಲಿವೆ. ಹಗುರ ಆಂಟಾಲಜಿ ಅನ್ನಲು ಅಡ್ಡಿಯಿಲ್ಲ.

ನೀವು 'ತೊಗರಿಬೇಳೆ' ಅಂತ ಹುಡುಕಿದರೆ ನಿಮ್ಮ ಆ್ಯಪ್ 'ಸರ್ಚ್' ಅನ್ನುವ ಸಂದೇಶ ಕಳಿಸಬಹುದು. ನಡುವೆ ಇರುವ ಗೇಟ್‌ವೇ ಅದನ್ನು ಆ ವಿಭಾಗದ ಮಾರಾಟದ ಆ್ಯಪ್‌ಗಳಿಗೆ ಹಂಚುತ್ತದೆ. ಅವು ತಕ್ಷಣ 'ಸಿಕ್ಕಿತು' ಅಂತ ಮಾತ್ರ ಹೇಳುತ್ತವೆ. ನಿಜವಾದ ಉತ್ತರ ಆಮೇಲೆ 'ಆನ್-ಸರ್ಚ್' ಅನ್ನುವ ಬೇರೆ ಸಂದೇಶವಾಗಿ ಬರುತ್ತದೆ, ಅದರಲ್ಲಿ ಕ್ಯಾಟಲಾಗ್ ಇರುತ್ತದೆ. ಇಲ್ಲಿಂದ ಮುಂದೆ ಗೇಟ್‌ವೇಗೆ ಕೆಲಸವಿಲ್ಲ, ಎರಡು ಆ್ಯಪ್‌ಗಳು ನೇರವಾಗಿ ಮಾತಾಡುತ್ತವೆ. 'ಸೆಲೆಕ್ಟ್' ಅಂದರೆ ಇದು ಬೇಕು, ಒಟ್ಟು ಎಷ್ಟಾಗುತ್ತದೆ ಹೇಳಿ. 'ಇನಿಟ್' ಅಂದರೆ ಬಿಲ್ಲಿನ ವಿಳಾಸ ತಗೊಳ್ಳಿ, ಷರತ್ತು ತಿಳಿಸಿ. 'ಕನ್ಫರ್ಮ್' ಅಂದರೆ ವ್ಯಾಪಾರ ಕುದುರಿತು. ಆಮೇಲೆ 'ಸ್ಟೇಟಸ್', 'ಟ್ರ್ಯಾಕ್', 'ಕ್ಯಾನ್ಸಲ್' ಹೀಗೆ. ಪ್ರತಿ ಸಂದೇಶಕ್ಕೂ ಕಳಿಸಿದವರ ಡಿಜಿಟಲ್ ಸಹಿ ಇರುತ್ತದೆ.

ಡೆಲಿವರಿಗೆ ಬಂದಾಗ ಒಂದು ಚೆಂದದ ಸಂಗತಿ ನಡೆಯುತ್ತದೆ. ಅಂಗಡಿಗೆ ಸ್ವಂತ ಹುಡುಗರಿಲ್ಲದಿದ್ದರೆ ಮಾರಾಟದ ಆ್ಯಪ್ ಈಗ ತಾನೇ ಗ್ರಾಹಕನಾಗಿ ನಿಂತು, ಸಾಗಣೆ ಕಂಪನಿಗಳ ಕಡೆಗೆ ಇದೇ 'ಸರ್ಚ್' ಸಂದೇಶ ಕಳಿಸುತ್ತದೆ. ಈ ಸಲ ಹುಡುಕುವ ವಸ್ತು ಬೇಳೆಯಲ್ಲ, ಸಾಗಣೆ. ಸಂದೇಶಗಳು ಅವೇ, ಕ್ರಮವೂ ಅದೇ.

ಇದು ಹೇಗೆ ಸಾಧ್ಯ ಅಂದರೆ, ಬೆಕ್ನ್‌ನಲ್ಲಿ 'ಐಟಂ', 'ಆರ್ಡರ್', 'ಫುಲ್‌ಫಿಲ್‌ಮೆಂಟ್' ಅನ್ನುವ ಪರಿಕಲ್ಪನೆಗಳನ್ನು ಬೇಕೆಂದೇ ಅಗಲವಾಗಿ ಇಟ್ಟಿದ್ದಾರೆ. ದಿನಸಿಯಲ್ಲಿ ಐಟಂ ಅಂದರೆ ಬೇಳೆ ಪ್ಯಾಕೆಟ್. ಆಟೊದಲ್ಲಿ ಐಟಂ ಅಂದರೆ ಒಂದು ಸವಾರಿ. ಫುಲ್‌ಫಿಲ್‌ಮೆಂಟ್ ಅಂದರೆ ಮಾತು ಕೊಟ್ಟದ್ದನ್ನು ನಡೆಸಿಕೊಡುವುದು. ಬೇಳೆಗೂ ಸವಾರಿಗೂ ಎರಡಕ್ಕೂ ಅದರಲ್ಲಿ ಶುರುವಾಗುವ ಜಾಗ, ಮುಗಿಯುವ ಜಾಗ ಇರುತ್ತವೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಆಟೊ ಚಾಲಕರ ಸಂಘದ ಜೊತೆ ಸೇರಿ ಜಸ್‌ಪೇ ಕಂಪನಿ ತಂದ ನಮ್ಮ ಯಾತ್ರಿ ಆ್ಯಪ್ ಕಟ್ಟಿದ್ದು ಬೆಕ್ನ್ ಮೇಲೆಯೇ. 2023ರ ಮಾರ್ಚ್‌ನಲ್ಲಿ ಅದು ಒಎನ್‌ಡಿಸಿ ಸೇರಿತು.

ಅಗಲ ಜಾಸ್ತಿಯಾದರೆ ವಿವರ ಕಡಿಮೆಯಾಗುತ್ತದೆ. ಅದಕ್ಕೇ ವಿಭಾಗಕ್ಕೊಂದು ಕೋಡ್ ಕೊಟ್ಟು, ಅದರೊಳಗೆ ಬಿಗಿಯಾದ ನಿಯಮ ಇಟ್ಟಿದ್ದಾರೆ. ದಿನಸಿಗೆ ಆರ್‌ಇಟಿ10, ಊಟ-ತಿಂಡಿಗೆ ಆರ್‌ಇಟಿ11. ಡೆಲಿವರಿಯ ಸ್ಥಿತಿಯನ್ನು ಬಾಯಿಗೆ ಬಂದ ಹಾಗೆ ಬರೆಯುವಂತಿಲ್ಲ. ಪೆಂಡಿಂಗ್, ಪ್ಯಾಕ್ಡ್, ಏಜೆಂಟ್-ಅಸೈನ್ಡ್, ಆರ್ಡರ್-ಪಿಕ್ಡ್-ಅಪ್, ಔಟ್-ಫಾರ್-ಡೆಲಿವರಿ, ಆರ್ಡರ್-ಡೆಲಿವರ್ಡ್ ಇಂಥ ಗೊತ್ತಾದ ಹೆಸರುಗಳಲ್ಲೇ ಒಂದನ್ನು ಹಾಕಬೇಕು.

ಅಂಗಡಿಯವರು ತುಂಬುವ 'ಎಷ್ಟು ಹೊತ್ತಲ್ಲಿ ಕಳಿಸ್ತೀರಿ' ಅನ್ನುವ ಖಾನೆಯನ್ನೇ ಹತ್ತಿರದಿಂದ ನೋಡಿ. ಸಂದೇಶದಲ್ಲಿ ಅದು 'ಪಿಟಿ45ಎಂ' ಅಂತ ಹೋಗುತ್ತದೆ. ಸಮಯದ ಅವಧಿ ಬರೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601 ಪ್ರಕಾರ ಇದರರ್ಥ 45 ನಿಮಿಷ. 'ಪಿ7ಡಿ' ಅಂದರೆ 7 ದಿನ. ನಡುವಿನ 'ಟಿ' ಅಕ್ಷರ ಬಿಟ್ಟುಹೋದರೆ ಏನಾಗುತ್ತದೆ ಗೊತ್ತಾ? 'ಪಿಟಿ1ಎಂ' ಒಂದು ನಿಮಿಷ. 'ಪಿ1ಎಂ' ಒಂದು ತಿಂಗಳು. ಹೀಗೆ ಬಿಗಿಯಾಗಿ ಬರೆಸುವುದು ವಿಚಿತ್ರ ಅನ್ನಿಸಬಹುದು. 'ಮುಕ್ಕಾಲು ಗಂಟೆ', '45 ಮಿನಿಟ್ಸ್', 'ಬೇಗ' ಅಂತ ಒಬ್ಬೊಬ್ಬರು ಒಂದೊಂದು ಬರೆದಿದ್ದರೆ ಯಾವ ಆ್ಯಪ್ ಕೂಡ ಗ್ರಾಹಕರಿಗೆ ಡೆಲಿವರಿ ಸಮಯ ಲೆಕ್ಕಹಾಕಿ ಹೇಳಲು ಆಗುತ್ತಿರಲಿಲ್ಲ.

## ಎಚ್‌ಎಸ್‌ಎನ್ ಕೋಡ್ ಇದೆಯಲ್ಲ, ಅದು ಸಾಲದಾ?

ಜಿಎಸ್‌ಟಿ ಬಿಲ್ ಮಾಡುವ ಯಾರೇ ಆದರೂ ಕೇಳುವ ಪ್ರಶ್ನೆ ಇದು. ಎಚ್‌ಎಸ್‌ಎನ್ ಕೋಡ್ ಅಂದರೆ ತೆರಿಗೆಯ ಲೆಕ್ಕಕ್ಕೆ ಒಂದೊಂದು ಬಗೆಯ ಸರಕಿಗೂ ಕೊಟ್ಟ ಸಂಖ್ಯೆ. ಅದರ ಮೊದಲ 6 ಅಂಕಿಗಳು ವಿಶ್ವ ಕಸ್ಟಮ್ಸ್ ಸಂಸ್ಥೆಯ ವರ್ಗೀಕರಣದಿಂದ ಬಂದವು. ತೊಗರಿಗೆ 071360. ಕಲಬುರಗಿಯ ತೊಗರಿಗೂ ಅದೇ, ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಹಡಗಿನಲ್ಲಿ ಬರುವ ತೊಗರಿಗೂ ಅದೇ.

ಆದರೆ ಈ ವರ್ಗದ ವಿವರಣೆಯಲ್ಲೇ 'ಸಿಪ್ಪೆ ತೆಗೆದಿರಲಿ ಬಿಡಲಿ, ಒಡೆದಿರಲಿ ಬಿಡಲಿ' ಅಂತ ಇದೆ. ಅಂದರೆ ಇಡೀ ತೊಗರಿಕಾಳು, ಒಡೆದ ತೊಗರಿಬೇಳೆ ಎರಡಕ್ಕೂ ಈ 6 ಅಂಕಿ ಒಂದೇ. ಸುಂಕ ಹಾಕುವವರಿಗೆ ಅಷ್ಟು ಸಾಕು. ಸಾರು ಮಾಡಲು ಹೊರಟವರ ಮನೆಗೆ ಬೇಳೆಯ ಬದಲು ಕಾಳು ಬಂದರೆ ಗತಿ? ಎಚ್‌ಎಸ್‌ಎನ್ ತಪ್ಪು ಅಂತಲ್ಲ, ಅದನ್ನು ಕಟ್ಟಿದ ಉದ್ದೇಶ ಬೇರೆ. ಯಾವ ಪ್ರಶ್ನೆಗೆ ಉತ್ತರ ಬೇಕು ಅನ್ನುವುದರ ಮೇಲೆ ಯಾವ ವ್ಯತ್ಯಾಸ ಬರೆದಿಡಬೇಕು ಅನ್ನುವುದು ನಿಂತಿದೆ. ಹಾಗಾಗಿಯೇ ಇಡೀ ಜಗತ್ತಿಗೆ ಒಂದೇ ಆಂಟಾಲಜಿ ಮಾಡಿ ಮುಗಿಸಲು ಆಗುವುದಿಲ್ಲ. ಬೇರೆ ಬೇರೆ ಉದ್ದೇಶದ ಪಟ್ಟಿಗಳನ್ನು ಇಟ್ಟುಕೊಂಡು, ಒಂದರ ಯಾವ ಸಂಗತಿ ಇನ್ನೊಂದರ ಯಾವುದಕ್ಕೆ ಹೊಂದುತ್ತದೆ ಅಂತ ಸೇತುವೆ ಕಟ್ಟಬೇಕು. ಅದನ್ನು ಮ್ಯಾಪಿಂಗ್ ಅನ್ನುತ್ತಾರೆ.

## ಎಐ ಬಂದ ಮೇಲೂ ಇದೆಲ್ಲ ಬೇಕಾ?

ಚಾಟ್‌ಬಾಟ್‌ಗೆ 'ಬೆಲೆ 160' ಅಂತ ಕೊಟ್ಟರೆ ಅದು ಸುತ್ತಮುತ್ತಲಿನ ಮಾತು ನೋಡಿ ಅರ್ಥ ಊಹಿಸುತ್ತದೆ. ಎಷ್ಟೋ ಸಲ ಸರಿಯಾಗಿಯೇ ಊಹಿಸುತ್ತದೆ. ಎರಡು ಕಂಪನಿಗಳ ಖಾನೆಗಳನ್ನು ಹೊಂದಿಸುವ ಮ್ಯಾಪಿಂಗ್ ಕೆಲಸದ ಮೊದಲ ಕರಡನ್ನು ಅದರಿಂದ ಬರೆಸಬಹುದು. ಮುಂಚೆ ಜನ ಕೂತು ಸಾಲು ಸಾಲು ನೋಡಿ ಮಾಡುತ್ತಿದ್ದ ಬೇಸರದ ಕೆಲಸ ಅದು.

ಆದರೆ ಊಹೆ ಮತ್ತು ಒಪ್ಪಂದ ಒಂದೇ ಅಲ್ಲ. ನಮ್ಮ ಪರವಾಗಿ ದುಡ್ಡು ಕಟ್ಟಿ ಆರ್ಡರ್ ಮಾಡುವ ಎಐ ಏಜೆಂಟ್ ಬಂದಾಗ, 'ಏಳು ದಿನದಲ್ಲಿ ವಾಪಸ್ ಮಾಡಬಹುದು' ಅನ್ನುವುದು ಆರ್ಡರ್ ಮಾಡಿದ ದಿನದಿಂದಲೋ, ಮನೆಗೆ ಬಂದ ದಿನದಿಂದಲೋ? ಗ್ರಾಹಕರ ಏಜೆಂಟ್ ಒಂದು ಊಹಿಸಿ, ಅಂಗಡಿಯ ಏಜೆಂಟ್ ಇನ್ನೊಂದು ಊಹಿಸಿದರೆ ಜಗಳ ಬಿಡಿಸಲು ನಡುವೆ ಇಬ್ಬರೂ ಒಪ್ಪಿದ ಬರಹ ಇರಲೇಬೇಕು.

## ಒಪ್ಪಂದವೇ ಬದಲಾದಾಗ

ವ್ಯಾಪಾರ ನಿಂತಲ್ಲಿ ನಿಲ್ಲುವುದಿಲ್ಲ. ಹೊಸ ಕಾನೂನು ಬರುತ್ತದೆ, ಹೊಸ ಬಗೆಯ ವಸ್ತು ಸೇರುತ್ತದೆ, ಹಳೆಯ ನಿಯಮದಲ್ಲಿ ತೂತು ಕಾಣುತ್ತದೆ. ಆಗ ಪಟ್ಟಿಯನ್ನು ತಿದ್ದಬೇಕು. ಒಂದೇ ಕಂಪನಿಯಾದರೆ ರಾತ್ರಿ ಸಾಫ್ಟ್‌ವೇರ್ ಬದಲಿಸಿ ಬೆಳಗ್ಗೆ ಅಂಗಡಿ ತೆರೆಯಬಹುದು. ನೂರಾರು ಕಂಪನಿಗಳ ಜಾಲದಲ್ಲಿ ಎಲ್ಲರೂ ಒಂದೇ ರಾತ್ರಿ ಬದಲಾಗಿ ಅಂದರೆ ಆಗುವ ಮಾತಲ್ಲ. ದೊಡ್ಡವರ ಹತ್ತಿರ ಎಂಜಿನಿಯರುಗಳ ತಂಡ ಇರುತ್ತದೆ, ಚಿಕ್ಕವರ ಹತ್ತಿರ ಒಬ್ಬರೋ ಇಬ್ಬರೋ.

ಒಎನ್‌ಡಿಸಿಯ ಚಿಲ್ಲರೆ ವ್ಯಾಪಾರ 1.1 ಆವೃತ್ತಿಯಿಂದ 1.2ಕ್ಕೆ ಹೋದಾಗಲೂ ಇದೇ ಕೆಲಸ ಇತ್ತು. ಹಾಗಾಗಿ ಇಲ್ಲಿ ಓಡಾಡುವ ಪ್ರತಿ ಸಂದೇಶದ ತಲೆಯಲ್ಲೇ ಆವೃತ್ತಿಯ ಸಂಖ್ಯೆ ಬರೆಯುವ ಒಂದು ಖಾನೆ ಇದೆ. ಸಂದೇಶ ಪಡೆದ ಯಂತ್ರ ಒಳಗಿನ ಬೇಳೆ, ಬೆಲೆ, ವಿಳಾಸ ಓದುವ ಮೊದಲು ಆ ಸಂಖ್ಯೆ ನೋಡುತ್ತದೆ, ಯಾವ ಪಟ್ಟಿಯ ಪ್ರಕಾರ ಅರ್ಥ ಮಾಡಿಕೊಳ್ಳಬೇಕು ಅಂತ ತಿಳಿದುಕೊಂಡು ಮುಂದಿನ ಸಾಲಿಗೆ ಹೋಗುತ್ತದೆ.